ಓಕ್‌ವಿಲ್‌ನ ಗೋಡೆಯ ಮೇಲೆ ಬಿಜಾಪುರದ ಕಾಗದ

ಓಕ್‌ವಿಲ್

ಕೆನಡಾಕ್ಕೆ ಹೋಗಿ ಬಂದವರು ಜಲಪಾತದ ಫೋಟೋ ತೋರಿಸುತ್ತಾರೆ. ನಾನೂ ಆ ಜಲಪಾತ ನೋಡಿದೆ, ಒದ್ದೆಯಾದೆ, ನೆಗಡಿ ಬಂತು. ಅದರ ವಿಚಾರ ಇಷ್ಟು ಸಾಕು. 2011ರ ಸೆಪ್ಟೆಂಬರಿನಲ್ಲಿ ಮೊಣಕಾಲು ನೋವು ಕಟ್ಟಿಕೊಂಡು ನಾನು ಅಷ್ಟು ದೂರ ಹೋದದ್ದು ಓಕ್‌ವಿಲ್ ಎಂಬ ಊರಿನಲ್ಲಿರುವ ಅಣ್ಣನ ಮನೆಯ ಗೋಡೆಯ ಮೇಲಿದ್ದ ಒಂದು ಹಳೆಯ ಕಾಗದವನ್ನು ಕೇಳಿ ತರುವುದಕ್ಕೆ.

ನಮ್ಮದು ಡೋಣಿ ನದಿಯ ದಂಡೆಯ ಒಂದು ಹಳ್ಳಿಯ ಕುಲಕರ್ಣಿ ಮನೆತನ. ಊರಿನ ಹೊಲಗಳ ದಫ್ತರ ಬರೆಯುವುದು ಹಿರಿಯರ ಕೆಲಸ. ಆದಿಲಶಾಹಿ ಸುಲ್ತಾನರ ಕಾಲದ್ದೊಂದು ಕಾಗದ ಮನೆಯಲ್ಲಿತ್ತು. ಮೇಲೆ ಫಾರ್ಸಿ, ಕೆಳಗೆ ಹಳೆಯ ಕುಲಕರ್ಣಿಗಳು ಬಳಸುತ್ತಿದ್ದ ಮೋಡಿ ಲಿಪಿ, ತುದಿಯಲ್ಲಿ ಒಂದರ ಮೇಲೊಂದು ಅಡ್ಡವಾಗಿ ಇಟ್ಟ ಎರಡು ಖಡ್ಗಗಳ ಚಿತ್ರ. ಎರಡೂ ಬರಹ ಓದುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಪ್ರತಿ ವರ್ಷ ಖಂಡೇ ನವಮಿಯ ದಿನ, ಎಂದರೆ ಆಯುಧಪೂಜೆಯ ದಿನ, ಅದನ್ನು ಹೊರಗೆ ತೆಗೆದು ಕುಂಕುಮ ಹಚ್ಚಿ ಕೈಮುಗಿದು ಒಳಗಿಡುವುದು ಪದ್ಧತಿ. ನಲವತ್ತು ವರ್ಷಗಳ ಹಿಂದೆ ಅಣ್ಣ ಸರ್ಜನ್ ಆಗಿ ಕೆನಡಾಕ್ಕೆ ಹೊರಟಾಗ ಅಪ್ಪ ಅದನ್ನು ಅವನಿಗೆ ಕೊಟ್ಟರು. ಹಿರಿಯ ಮಗ ಅವನು. ನನಗೆ ಬೇಕೆಂದು ಕೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಬಿಜಾಪುರದ ಕಾಲೇಜಿನಲ್ಲಿ ಮೂವತ್ತೆರಡು ವರ್ಷ ಇತಿಹಾಸ ಕಲಿಸಿದೆ. ಹೊರಗಿನಿಂದ ಬಂದ ಒಂದು ಸಣ್ಣ ಮನೆತನ, ಲಿಂಗಾಯತರು, ಜೈನರು, ಬ್ರಾಹ್ಮಣರು, ನಾನಾ ಪಂಗಡದ ಮುಸಲ್ಮಾನರು ತುಂಬಿದ ಸೀಮೆಯನ್ನು ಸುಮಾರು ಇನ್ನೂರು ವರ್ಷ ಆಳಿದ್ದು ಹೇಗೆ? ಇದು ನನ್ನ ಹತ್ತು ಅಂಕದ ಪ್ರಶ್ನೆ. ನೋಟ್ಸಿನಲ್ಲಿ ಉತ್ತರ ಮೂರು ಶಬ್ದ: ಕೋಟೆ, ಕುದುರೆ, ಕಂದಾಯ. ಕೊನೆಯಲ್ಲಿ ನಮ್ಮ ಮನೆಯ ಉದಾಹರಣೆ ಸೇರಿಸುತ್ತಿದ್ದೆ. ನಮ್ಮ ಹಿರಿಯ ರಾಮಾಜಿಯ ವಿದ್ಯೆಗೆ ಮೆಚ್ಚಿ ಸುಲ್ತಾನ ಬೆನ್ನು ತಟ್ಟಿ ಕೊಟ್ಟ ಸನದು ನಮ್ಮಲ್ಲಿದೆ, ಗುಣ ಕಂಡಲ್ಲಿ ಅವರು ಮತ ನೋಡುತ್ತಿರಲಿಲ್ಲ ಎಂದು. ಅತ್ತ ಓಕ್‌ವಿಲ್‌ನಲ್ಲಿ ಅಣ್ಣ ತನ್ನ ಅತಿಥಿಗಳಿಗೆ ಹೇಳುತ್ತಿದ್ದದ್ದು ಅಪ್ಪ ಹೇಳಿದ ಕಥೆ. ಸುಲ್ತಾನನ ದಂಡಿಗೆ ರಾಮಾಜಿ ಖಡ್ಗ ಹಿಡಿದು ಅಡ್ಡ ನಿಂತ, ಸುಲ್ತಾನ ಹೆದರಿ ರಾಜಿಪತ್ರ ಬರೆದುಕೊಟ್ಟ. ಎರಡು ವರ್ಷದ ಹಿಂದೆ ಇದೇ ಮಾತಿಗೆ ಫೋನಿನಲ್ಲಿ ಜಗಳವಾಯಿತು. ನೀ ಹುಡುಗರಿಗೆ ಸುಳ್ಳು ಕಲಸ್ತಿ ಎಂದು ಅವನು, ನೀ ಮಂದಿಗೆ ನಾಟಕ ತೋರಸ್ತಿ ಎಂದು ನಾನು. ಆಮೇಲೆ ಇಬ್ಬರೂ ಮಾತು ಬಿಟ್ಟೆವು.

ಕರೆಸಿಕೊಂಡದ್ದು ವೈನಿ, ಅಣ್ಣನ ಹೆಂಡತಿ. ಅಣ್ಣನಿಗೆ ಎಪ್ಪತ್ತೈದು, ಎದೆಗೆ ಸ್ಟೆಂಟ್ ಹಾಕಿದ್ದರು. "ನನ್ನ ನಂತರ ಇಲ್ಲಿ ಇದು ಯಾರಿಗೆ ಬೇಕು" ಎಂದು ಕಾಗದದ ಮುಂದೆ ನಿಂತು ಅಂದನಂತೆ. ಸರಿ, ಹೋದೆ. ಮೊದಲ ದಿನದ ಊಟದಲ್ಲೇ ಅವನು ನನ್ನ ಮುಖ ನೋಡದೆ ಶರತ್ತು ಹಾಕಿದ.

"ಒಯ್ಯಿ ಇಂದೂ. ಆದ್ರ ಅಪ್ಪ ಹೇಳಿದ ಕಥಿನೂ ಜೊತಿಗೇ ಒಯ್ಯಬೇಕು. ನಿನ್ನ ಬೆನ್ನು ತಟ್ಟೂ ಥಿಯರಿ ಅದಕ್ಕ ಅಂಟಿಸಬಾರದು. ಪ್ರಾಮಿಸ್ ಮಾಡು."

"ಓದಲಾರದ ಕಾಗದದ ಮ್ಯಾಲೆ ಏನಂತ ಪ್ರಾಮಿಸ್ ಮಾಡ್ಲಿ?" ಎಂದೆ. ವೈನಿ ಇಬ್ಬರಿಗೂ ಅನ್ನ ಬಡಿಸಿದರು.

ಹೀಗೆ ವಾರಗಟ್ಟಲೆ ಬಿಗುಮಾನದಲ್ಲಿ ಕಳೆದೆ. ಮನೆಯೊಳಗೆ ಮಾತು ಕಡಿಮೆ, ಆದ್ದರಿಂದ ಬೀದಿಯಲ್ಲಿ ತಿರುಗಾಟ ಹೆಚ್ಚು. ಇಲ್ಲಿಯ ಜನರಿಗೆ ಹಿಂದೆ ಬರುವವರಿಗಾಗಿ ಬಾಗಿಲು ಹಿಡಿದು ನಿಲ್ಲುವ ಅಭ್ಯಾಸ. ನಾನು ಐವತ್ತು ಹೆಜ್ಜೆ ದೂರವಿದ್ದರೂ ನಿಲ್ಲುತ್ತಾರೆ. ಪಾಪ ಕಾಯುತ್ತಿದ್ದಾರಲ್ಲ ಎಂದು ನಾನು ನೋವಿನ ಕಾಲಲ್ಲಿ ಓಡಬೇಕು. ಅವರು ನನ್ನ ಕಾಲು ತುಳಿದರೆ ಸಾರಿ ಅನ್ನುತ್ತಾರೆ, ನಾನು ತುಳಿದರೂ ಅವರೇ ಅನ್ನುತ್ತಾರೆ. ಇನ್ನೊಂದು ಸೋಜಿಗ ನಾಲ್ಕು ದಾರಿ ಕೂಡುವ ಜಾಗ. ಪೊಲೀಸನಿಲ್ಲ, ದೀಪವಿಲ್ಲ. ನಾಲ್ಕೂ ಕಡೆ ನಿಲ್ಲು ಎಂಬ ಕೆಂಪು ಫಲಕ. ಮೊದಲು ಬಂದವರು ಮೊದಲು ಹೋಗುತ್ತಾರೆ, ಉಳಿದವರು ಕಾಯುತ್ತಾರೆ. ಬಿಜಾಪುರದ ಗಾಂಧಿ ಚೌಕದಲ್ಲಿ ಈ ಫಲಕ ಹಾಕಿದರೆ ಅದರ ಕಂಬಕ್ಕೆ ಎಮ್ಮೆ ಕಟ್ಟುತ್ತಾರೆ.

ಖಂಡೇ ನವಮಿ

ನವಮಿಯ ದಿನ ಅಣ್ಣ ಮಡಿ ಉಟ್ಟ. ಮಣೆಯ ಮೇಲೆ ಅವನ ಹಳೆಯ ಆಪರೇಷನ್ ಸಾಮಾನು, ಕಾರಿನ ಕೀಲಿ, ವೈನಿಯ ಹೊಲಿಗೆ ಡಬ್ಬಿ, ಹಿತ್ತಲಿನ ಹುಲ್ಲು ಕತ್ತರಿಸುವ ಯಂತ್ರದ ಒಂದು ಭಾಗ, ನಡುವೆ ಗೋಡೆಯಿಂದ ಇಳಿಸಿದ ಕಾಗದ, ಚೌಕಟ್ಟಿನ ಸಮೇತ. ಗಾಜಿನ ಮೇಲೆ ಕುಂಕುಮ ಇಟ್ಟ. ಕರ್ಪೂರದ ಆರತಿ ಎತ್ತಿದ.

ಆರತಿ ಎರಡು ಸುತ್ತು ಬರುವಷ್ಟರಲ್ಲಿ ಛಾವಣಿಯಲ್ಲಿ ಹೊಗೆ ಪತ್ತೆಗೆಂದು ಹಾಕಿದ್ದ ಗಂಟೆ ಕಿವಿ ಕಿತ್ತುಹೋಗುವಂತೆ ಕೂಗತೊಡಗಿತು. ಅಣ್ಣ ಮಡಿಪಂಚೆಯಲ್ಲೇ ಸ್ಟೂಲು ಹತ್ತಿ ಟವೆಲು ಬೀಸಿದ. ವೈನಿ ಕಿಟಕಿ ತೆಗೆಯಲು ಓಡಿದರು. ಪಕ್ಕದ ಮನೆಯ ಪೋರ್ಚುಗೀಸ್ ಅಜ್ಜಿ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಮಗುವಿನಂತೆ ಅವುಚಿಕೊಂಡು ಒಳಗೇ ಬಂದುಬಿಟ್ಟರು. ಅವರನ್ನು ನೋಡಿ ಗಾಬರಿಯಾದ ಅಣ್ಣ ಸ್ಟೂಲಿನಿಂದ ಇಳಿದು ನೇರ ಚೌಕಟ್ಟಿನ ಮೇಲೆ ಕಾಲಿಟ್ಟ.

ಗಾಜು ಒಡೆಯಿತು. ಅಣ್ಣನ ಕಾಲಿಗೆ ಏನೂ ಆಗಲಿಲ್ಲ, ಕಾಗದಕ್ಕೂ ಏನೂ ಆಗಲಿಲ್ಲ. ಅಜ್ಜಿ ಪ್ರಸಾದ ತಿಂದು, ಚೆನ್ನಾಗಿದೆ ಎಂದು ಇನ್ನಷ್ಟು ಕೇಳಿ ಕಟ್ಟಿಸಿಕೊಂಡು, ಸಿಲಿಂಡರು ಹೊತ್ತು ಹೋದರು. ಆ ಮಹಾತಾಯಿ ಅಂದು ಹಾಗೆ ನುಗ್ಗದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಅವರಿಗೆ ನನ್ನ ಮೊದಲ ನಮಸ್ಕಾರ.

ಜೆರಾರ್ಡ್

ಹೊಸ ಗಾಜು ಹಾಕಿಸಲು ನಾನೂ ಅಣ್ಣನೂ ನಮ್ಮ ಕಡೆಯವರ ಅಂಗಡಿಗಳೇ ತುಂಬಿರುವ ಜೆರಾರ್ಡ್ ಬಜಾರಿಗೆ ಹೋದೆವು. ಸೀರೆ ಅಂಗಡಿ, ಪಾನ್ ಅಂಗಡಿ, ಸುಟ್ಟ ಜೋಳದ ತೆನೆಯ ವಾಸನೆ. ಒಂದು ತಿಂಗಳ ಮಟ್ಟಿಗೆ ಮರೆತಿದ್ದ ಗದ್ದಲ ಒಮ್ಮೆಲೆ ಸಿಕ್ಕಿದ್ದಕ್ಕೆ ನನಗೆ ಕಣ್ಣಲ್ಲಿ ನೀರು ಬಂತು. ಚೌಕಟ್ಟು ಹಾಕುವ ಬಶೀರ್ ಭಾಯಿ ಲಾಹೋರಿನವರು. ಗಾಜಿನ ಚೂರುಗಳನ್ನು ಒಂದೊಂದಾಗಿ ತೆಗೆದು, ಹಿಂದಿನ ರಟ್ಟು ಬಿಚ್ಚಿ, ತಲೆ ಎತ್ತಿ ನನ್ನನ್ನು ಉರ್ದುವಿನಲ್ಲಿ ಕೇಳಿದರು.

"ಬಹನ್‌ಜಿ, ಇದನ್ನ ಮಡಚಿದ್ದು ಯಾರು?"

ಕಾಗದದ ಕೆಳಗಿನ ನಾಲ್ಕು ಬೆರಳಷ್ಟು ಭಾಗ ಹಿಂದಕ್ಕೆ ಮಡಚಿತ್ತು. ಅಜ್ಜನೋ ಮುತ್ತಜ್ಜನೋ ಪೆಟ್ಟಿಗೆಗೆ ಹಿಡಿಸಲೆಂದು ಮಡಚಿದ್ದು, ಅಣ್ಣ ಹಾಗೆಯೇ ಚೌಕಟ್ಟು ಹಾಕಿಸಿದ್ದು. ಬಶೀರ್ ಭಾಯಿ ಚಾಕುವಿನ ಮೊಂಡು ಬದಿಯಿಂದ, ಉಸಿರು ಬಿಗಿಹಿಡಿದು, ಮಡಿಕೆ ಬಿಡಿಸಿದರು. ಒಳಗಿನಿಂದ ಒಂದು ಸಾಲು ಚಿತ್ರ ಬಂತು. ನೇಗಿಲು, ತಕ್ಕಡಿ, ನೇಕಾರರ ಹಣಿಗೆ, ಗಾಣ. ನಮ್ಮ ಎರಡು ಖಡ್ಗಗಳ ಕೆಳಗೆ ಎರಡು ದುಂಡನೆಯ ಉಂಗುರ.

"ಯೇ ತೊ ಕೈಂಚಿ ಹೈ" ಎಂದರು ಬಶೀರ್ ಭಾಯಿ. ಇದು ಕತ್ತರಿಯಲ್ಲವೇ ಎಂದು.

"ಹಿಡಿಕಿ ಅದು. ಖಡ್ಗದ ಹಿಡಿಕಿ" ಎಂದ ಅಣ್ಣ, ನನಗೆ ಮಾತ್ರ ಕೇಳುವಂತೆ.

ಹಿಡಿಕೆ ಹಾಗಿರುವುದಿಲ್ಲ ಎಂದು ನನಗೆ ಗೊತ್ತಿತ್ತು. ಸನದಿನ ಮೇಲೆ ಗಾಣ, ನೇಗಿಲು ಇರುವುದಿಲ್ಲ ಎಂದೂ ಗೊತ್ತಿತ್ತು. ಅವನ ಕಥೆಯ ಜೊತೆಗೆ ನನ್ನ ಕಥೆಯೂ ಆ ಮೇಜಿನ ಮೇಲೆ ಅಲುಗಾಡುತ್ತಿತ್ತು. ಬಶೀರ್ ಭಾಯಿ ಮೊದಲ ಸಾಲಿನ ಒಂದೆರಡು ಶಬ್ದ ಓದಿ, ಇದು ಮಹಜರು ಎಂದರು. ಊರ ಮಂದಿಯೆಲ್ಲ ಕೂಡಿ ನ್ಯಾಯ ತೀರಿಸಿ ಸಹಿ ಮಾಡಿದ ಪತ್ರ. ಪೂರ್ತಿ ಓದಲು ತಮಗೆ ಬರುವುದಿಲ್ಲ, ಮಿಲ್ಟನ್‌ನಲ್ಲಿ ಒಬ್ಬ ಹಿರಿಯ ಉಸ್ತಾದರಿದ್ದಾರೆ, ನಿಮ್ಮ ಬಿಜಾಪುರದವರೇ ಎಂದು ಫೋನ್ ನಂಬರು ಬರೆದುಕೊಟ್ಟರು. ಓದಿಸುವ ಮುಂಚೆ ಗಾಜು ಹಾಕುವುದು ಬೇಡ ಎಂದು ಕಾಗದವನ್ನು ಎರಡು ರಟ್ಟಿನ ನಡುವೆ ಇಟ್ಟು ಕಟ್ಟಿದರು. ಮಾಡಿದ ಕೆಲಸಕ್ಕೆ ಏನೂ ತೆಗೆದುಕೊಳ್ಳಲಿಲ್ಲ.

ಮಿಲ್ಟನ್

ಅಣ್ಣ ಬರುವುದಿಲ್ಲ ಅಂದುಕೊಂಡಿದ್ದೆ. ಸೋಮವಾರ ಬೆಳಿಗ್ಗೆ ಅವನೇ ಕಾರು ತೆಗೆದ. ಅಂದು ಅಲ್ಲಿಯ ಥ್ಯಾಂಕ್ಸ್‌ಗಿವಿಂಗ್. ಮನೆಮಂದಿ ಸೇರಿ ಊಟಕ್ಕೆ ಕೂತು, ಸಿಕ್ಕಿದ್ದಕ್ಕೆಲ್ಲ ಕೃತಜ್ಞತೆ ಹೇಳುವ ಹಬ್ಬ. ದಾರಿಯುದ್ದಕ್ಕೂ ಮೇಪಲ್ ಮರಗಳು ಕೆಂಪಾಗಿದ್ದವು. ಮಿಲ್ಟನ್‌ನಲ್ಲಿ ಎಲ್ಲ ಮನೆಗಳೂ ಹೊಸವು, ಎಲ್ಲವೂ ಒಂದೇ ನಮೂನೆ. ಎರಡು ಮನೆಯ ಗಂಟೆ ಒತ್ತಿ, ಎರಡು ಕಡೆ ಸಾರಿ ಹೇಳಿ, ಮೂರನೆಯದರಲ್ಲಿ ಖಾದರ್ ಸಾಹೇಬರು ಸಿಕ್ಕರು.

ಬಿಜಾಪುರದ ಹೈಸ್ಕೂಲಿನಲ್ಲಿ ಉರ್ದು, ಫಾರ್ಸಿ ಕಲಿಸಿದ್ದ ಮಾಸ್ತರು ಅವರು. ಎಂಬತ್ತು ದಾಟಿದೆ. ಮಗಳು ಶಮೀಮ್‌ಳ ಜೊತೆ ಇದ್ದಾರೆ.

"ಬರ್ರಿ ಬಾಯಾರ, ಬರ್ರಿ ಡಾಕ್ಟರ್ ಸಾಹೇಬ್ರ. ಮಗಳ ಬಿಟ್ರ ಯಾರ ಕೂಡೂ ಕನ್ನಡ ಮಾತಾಡಿಲ್ರಿ ನಾ, ಆರು ತಿಂಗಳಾತು. ಮೊದಲ ಊರಿನ ಸುದ್ದಿ ಹೇಳ್ರಿ, ಕಾಗದ ಎಲ್ಲಿ ಓಡಿ ಹೊಕ್ಕೈತಿ."

ಊರಿನ ಸುದ್ದಿ ಮುಗಿಯಲು ಒಂದು ತಾಸು ಬೇಕಾಯಿತು. ಆಮೇಲೆ ಸಾಹೇಬರು ಎದ್ದು ಹೋಗಿ ಕೈ ತೊಳೆದು ಬಂದರು. "ಪೂಜಾ ಮಾಡೂ ಕಾಗದ, ಹಂಗ ಮುಟ್ಟಬಾರದು" ಎಂದರು. ನಾವು ಮಡಿಯವರು ಯಾರೂ ಕಾಗದ ಮುಟ್ಟುವ ಮುಂಚೆ ಕೈ ತೊಳೆದವರಲ್ಲ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ತುಟಿ ಅಲ್ಲಾಡಿಸುತ್ತ ಕೂತರು.

"ಮ್ಯಾಲ ಸರಕಾರದ ಭಾಷಾ, ಕೆಳಗ ಅದ ಮಾತು ಊರಾಗ ನಡಿಯೂ ಬರಹದಾಗ. ಊರವ್ರಿಗೆ ತಿಳೀಬೇಕಲ್ರಿ. ಈಗ ಕೇಳ್ರಿ. ಸುಲ್ತಾನನ ಕಡೀಂದ ಹವಾಲ್ದಾರ ಬಂದಾನ, ಖಾಜಿ ಬಂದಾನ. ಗೌಡ, ಶೆಟ್ಟಿ, ನೇಕಾರರು, ಗಾಣಿಗ್ಯಾ, ಎಲ್ಲಾರೂ ಕೂಡ್ಯಾರ. ಫಿರ್ಯಾದಿ ತಂದಾವ ನಾಗಾ ಅನ್ನೂ ಸಿಂಪಿಗ್ಯಾ. ಈ ಕತ್ತರಿ ಅವನ ಸಹಿ."

"ಯಾರ ಮ್ಯಾಲೆ ಫಿರ್ಯಾದಿ?" ಅಣ್ಣ ಕೇಳಿದ.

ಸಾಹೇಬರು ಭೂತಗನ್ನಡಿ ಕೆಳಗಿಟ್ಟರು. "ಹೇಳಲ್ರಿ?"

"ಹೇಳ್ರಿ."

"ಕುಲಕರ್ಣಿ ರಾಮಾಜಿ ಮ್ಯಾಲ."

ಊರಿನ ಸಿಹಿನೀರಿನ ಬಾವಿಯ ದಾರಿಗೆ ರಾಮಾಜಿ ಬೇಲಿ ಹಾಕಿದ್ದ. ಸಿಂಪಿಗರೂ ಮುಸಲ್ಮಾನ ನೇಕಾರರೂ ಆ ಕಡೆ ಸುಳಿಯಬಾರದೆಂದು. ಅವರು ಡೋಣಿಯ ಉಪ್ಪುನೀರು ಕುಡಿದರು. ನ್ಯಾಯ ನಡೆಯುವ ದಿನ ರಾಮಾಜಿ ಹನುಮಪ್ಪನ ಗುಡಿಯಲ್ಲಿ ಆಣೆ ಮಾಡಿ ಸಾಕ್ಷಿ ಹೇಳಿದ, ನೇಕಾರರು ಮಸೀದಿಯಲ್ಲಿ ಆಣೆ ಮಾಡಿ ಹೇಳಿದರು. ತಪ್ಪು ರಾಮಾಜಿಯದು ಎಂದಾಯಿತು. ಬೇಲಿ ತೆಗೆಯಬೇಕು. ಕುಲಕರ್ಣಿಕೆ ಮಾತ್ರ ಮಕ್ಕಳು ಮೊಮ್ಮಕ್ಕಳ ತನಕ ಅವನ ಮನೆಯಲ್ಲೇ ನಡೆಯಲಿ.

ನನಗೆ ಥಟ್ಟನೆ ಹೊಳೆಯಿತು. ನಮ್ಮೂರಿನಲ್ಲಿ ಆ ಬಾವಿ ಇಂದಿಗೂ ಇದೆ. ಅದನ್ನು ಸಿಂಪಿಗನ ಬಾವಿ ಎನ್ನುತ್ತಾರೆ. ಅದರ ನೀರು ಕುಡಿದು ಬೆಳೆದ ಇತಿಹಾಸದ ಪ್ರಾಧ್ಯಾಪಕಿ ಒಂದು ದಿನವೂ ಆ ಹೆಸರು ಯಾಕೆ ಎಂದು ಕೇಳಲಿಲ್ಲ.

"ದಂಡ ಏನೂ ಹಾಕಿಲ್ಲೇನು?" ಎಂದು ಅಣ್ಣ ಸಣ್ಣ ದನಿಯಲ್ಲಿ ಕೇಳಿದ.

"ಹಾಕ್ಯಾರ. ವರ್ಷಕ್ಕೊಮ್ಮಿ, ನವಮಿ ದಿನ ಊರು ಕೂಡಿದಾಗ, ಕುಲಕರ್ಣಿ ತಾನ ಈ ಕಾಗದ ಎಲ್ಲಾರ ಮುಂದ ಓದಿ ಹೇಳಬೇಕು. ಮಕ್ಕಳು ಮೊಮ್ಮಕ್ಕಳ ತನಕ."

ನವಮಿಯ ದಿನ ಅದನ್ನು ಹೊರಗೆ ತೆಗೆಯುವ ಪದ್ಧತಿ ಎಲ್ಲಿಂದ ಬಂತು ಎಂದು ನಮಗೆ ತಿಳಿಯಿತು. ಓದಿ ಹೇಳುವುದಕ್ಕೆ ನಾಚಿದ ಯಾರೋ ಒಬ್ಬ ಹಿರಿಯ ಓದುವುದನ್ನು ಬಿಟ್ಟು ಕುಂಕುಮ ಹಚ್ಚಿದ. ಅವನ ಮಗ ಕೈಮುಗಿದ. ಮೊಮ್ಮಗನಿಗೆ ಓದಲು ಬರಲಿಲ್ಲ. ಫಿರ್ಯಾದಿದಾರನ ಕತ್ತರಿಯನ್ನು ನಾವು ನಮ್ಮ ಶೌರ್ಯವೆಂದು ಪೂಜಿಸಿಕೊಂಡು ಬಂದೆವು.

ನನ್ನ ನೋಟ್ಸಿಗೆ ನಾಲ್ಕನೆಯ ಅಂಶ ಆ ಮೇಜಿನ ಮೇಲೆ ಸಿಕ್ಕಿತು. ಸುಲ್ತಾನನಿಗೆ ಸಿಂಪಿಗನ ಮೇಲೆ ಪ್ರೀತಿ ಉಕ್ಕಿತೆಂದು ಹೇಳಲಾರೆ. ಯುದ್ಧದಲ್ಲಿ ಇದೇ ಸುಲ್ತಾನರ ದಂಡುಗಳು ಊರು ಸುಟ್ಟಿವೆ, ಗುಡಿ ಕೆಡವಿವೆ. ಅಣ್ಣನ ಸಿಟ್ಟಿಗೂ ಬುಡವಿದೆ. ಆದರೆ ದಂಡು ಮುಂದೆ ಹೋದ ಮೇಲೆ ಊರು ಆಳಬೇಕಲ್ಲ. ರಾಮಾಜಿಯನ್ನು ಓಡಿಸಿದರೆ ಯಾವ ಹೊಲ ಯಾರದೆಂದು ಹೇಳುವವರಿಲ್ಲ. ಸಿಂಪಿಗನ ಮಾತು ಕೇಳದಿದ್ದರೆ ಅವನೂ ನೇಕಾರರೂ ಗಂಟುಮೂಟೆ ಕಟ್ಟಿ ಬೇರೆ ಸೀಮೆಗೆ ಹೋಗುತ್ತಾರೆ. ಆದ್ದರಿಂದ ಇಬ್ಬರನ್ನೂ ಕೂರಿಸಿ, ಅವರವರ ದೇವರ ಮುಂದೆ ಆಣೆ ಮಾಡಿಸಿ, ಅವರಿಗೆ ತಿಳಿಯುವ ಬರಹದಲ್ಲಿ ಬರೆದು, ಅಕ್ಷರ ಬಾರದವನ ಕೈಯಲ್ಲೂ ಚಿತ್ರದ ಸಹಿ ಹಾಕಿಸಿದರು. ಸಹಿ ಹಾಕಿದವರೆಲ್ಲ ಆ ರಾಜ್ಯಕ್ಕೆ ಒಪ್ಪಿದಂತಾಯಿತು. ಬೆನ್ನು ತಟ್ಟಿದ್ದೂ ಇಲ್ಲ, ಖಡ್ಗ ಎತ್ತಿದ್ದೂ ಇಲ್ಲ.

"ನಾ ಇಲ್ಲೆ ಸಿಟಿಜನ್ ಆದಾಗ ನಮ್ಮ ಮನೀ ದೇವರ ಪೋಥಿ ಹಿಡದು ಆಣೆ ಮಾಡಿದ್ದೆ" ಎಂದ ಅಣ್ಣ, ತನಗೆ ತಾನೇ ಹೇಳಿಕೊಳ್ಳುವಂತೆ. "ಬಾಜೂದವ ಕುರಾನ್ ಹಿಡದಿದ್ದ. ಜಡ್ಜು ಇಬ್ಬರ ಕೈನೂ ಕುಲುಕಿದ."

ಆಗ ಶಮೀಮ್ ಊಟಕ್ಕೆ ಕರೆದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. "ಹೊಸಾ ಬೋಗಣಿಯೊಳಗ ಮಾಡೀನ್ರಿ, ಸಂಕೋಚ ಮಾಡ್ಕೋಬ್ಯಾಡ್ರಿ" ಎಂದಳು. ಬಾವಿಗೆ ಬೇಲಿ ಹಾಕಿದವನ ಮನೆಯವರಿಗೆ ಅವಳು ಮೊದಲು ತಂದಿಟ್ಟದ್ದು ಒಂದು ಲೋಟ ನೀರು. ಅವಳಿಗೆ ಅದು ಹೊಳೆದಿರಲಿಕ್ಕಿಲ್ಲ. ಅಣ್ಣ ಆ ಲೋಟ ಪೂರ್ತಿ ಕುಡಿದು ಇನ್ನೊಂದು ಕೇಳಿದ.

ಸಾಹೇಬರು ಇಡೀ ಕಾಗದವನ್ನು ಕನ್ನಡದಲ್ಲಿ ಹೇಳುತ್ತ ಹೋದರು, ನಾನು ಬರೆದುಕೊಂಡೆ.

ವಾಪಸು ಬರುವಾಗ ನಾಲ್ಕು ದಾರಿಯ ಕೆಂಪು ಫಲಕದ ಮುಂದೆ ಅಣ್ಣ ಕಾರು ನಿಲ್ಲಿಸಿದವನು ಹೊರಡಲೇ ಇಲ್ಲ. ಉಳಿದ ಮೂರು ದಾರಿಯ ಕಾರುಗಳೂ ಇವನ ಸರದಿ ಎಂದು ಕಾಯುತ್ತ ನಿಂತವು. ಒಬ್ಬರೂ ಹಾರ್ನ್ ಹೊಡೆಯಲಿಲ್ಲ.

"ನಲವತ್ತು ವರ್ಷ ಗೋಡಿ ಮ್ಯಾಲೆ ಇಟಗೊಂಡು ನೋಡೀನಿ ಇಂದೂ" ಎಂದ. "ನಾ ಸರ್ಜನ್. ಜಿಂದಗೀ ಎಲ್ಲಾ ಕತ್ತರಿ ಹಿಡದವ. ಉಂಗುರ ಕಣ್ಣ ಮುಂದ ಬಂದ್ರೂ ಹಿಡಿಕಿ ಅಂದೆ."

"ನಾ ಏನ್ ಕಮ್ಮಿ? ಬೆನ್ನು ತಟ್ಟಿದ್ದು ನಾ ಬಾಜೂಕ ನಿಂತು ನೋಡಿದಂಗ ಪಾಠಾ ಹೇಳೀನಿ."

ಅವನು ನಕ್ಕ. ಎರಡು ವರ್ಷದ ಮೇಲೆ ಅವನ ನಗು ಕೇಳಿದೆ. ಎದುರಿನ ಕಾರಿನ ಹೆಂಗಸು ಕೈಬೀಸಿ, ನೀವು ಹೋಗಿ ಎಂದಳು.

ವಿಮಾನ ನಿಲ್ದಾಣ

ಹೊರಡುವ ದಿನ ಕಾಗದವನ್ನು ಅಣ್ಣನೇ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಇಟ್ಟ. ಯಾವ ಕಥೆ ಒಯ್ಯಬೇಕೆಂದು ಹೇಳಲಿಲ್ಲ. ತಪಾಸಣೆಯಲ್ಲಿ ನನ್ನ ಕೈಚೀಲ ನಿಂತುಬಿಟ್ಟಿತು. ಸಿಖ್ ಹೆಣ್ಣುಮಗಳೊಬ್ಬಳು ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಉದ್ದನೆಯ ಕತ್ತರಿ ತೆಗೆದಳು. ಅಣ್ಣನ ಆಪರೇಷನ್ ಕತ್ತರಿ. ನನಗೆ ಹೇಳದೆ ತುರುಕಿದ್ದ, ಅದೂ ಕೈಚೀಲದಲ್ಲಿ. ಸಾವಿರ ಹೊಟ್ಟೆ ಕೊಯ್ದು ಹೊಲಿದವನಿಗೆ ಇಷ್ಟು ತಿಳಿಯಬಾರದೇ.

ಆ ಹುಡುಗಿ ಬೈಯಲಿಲ್ಲ. ಹೊರಗೆ ಯಾರಾದರೂ ಇದ್ದರೆ ಕೊಟ್ಟು ಬನ್ನಿ ಆಂಟಿ, ಸಮಯವಿದೆ ಎಂದು ದಾರಿ ಬಿಟ್ಟಳು. ಅಣ್ಣ ಹೋಗಿರುತ್ತಾನೆ ಎಂದುಕೊಂಡೇ ಹೊರಗೆ ಬಂದೆ. ಅವನು ಬೀಳ್ಕೊಟ್ಟ ಜಾಗದಲ್ಲೇ ನಿಂತಿದ್ದ.

"ನವಮಿ ದಿನ ಕಾಗದದ ಬಾಜೂಕ ಇಡಲಿ ಅಂತ ಕೊಟ್ಟೆ" ಎಂದ, ತಪ್ಪು ಮಾಡಿ ಸಿಕ್ಕಿಬಿದ್ದ ಮುಖ ಮಾಡಿ. ಕತ್ತರಿಯನ್ನು ಕೈಯಲ್ಲಿ ತಿರುಗಿಸಿ ನೋಡಿದ. "ಇರಲಿ ಬಿಡು. ಇದು ನನ್ನ ಕಡೆ ಇರಲಿ, ಅದು ನಿನ್ನ ಕಡೆ ಇರಲಿ. ಆದ್ರ ಓದಬೇಕು ನೋಡು, ವರ್ಷಾ ವರ್ಷಾ."

ಬಿಜಾಪುರ

ಮರುವರ್ಷದ ನವಮಿಗೆ ಕಾಗದ ತೆಗೆದುಕೊಂಡು ಹಳ್ಳಿಗೆ ಹೋದೆ. ಸಂಜೆ ಐದೂವರೆಗೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಜನ ಸೇರಿದ್ದರು. ನೇಕಾರರ ಓಣಿಯವರು, ಸಿಂಪಿಗರ ಎರಡು ಮನೆಯವರು, ಬರೀ ಕುತೂಹಲಕ್ಕೆ ಬಂದವರು. ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟೆ. ಓಕ್‌ವಿಲ್‌ನಲ್ಲಿ ಬೆಳಗಿನ ಎಂಟು. ಕತ್ತರಿಗೆ ಕುಂಕುಮ ಹಚ್ಚಿಕೊಂಡು ಕೂತಿದ್ದೇನೆ ಎಂದು ಅಣ್ಣ ಹೇಳಿದ್ದ.

ಖಾದರ್ ಸಾಹೇಬರು ಹೇಳಿ ಬರೆಸಿದ ಕನ್ನಡವನ್ನು ಓದತೊಡಗಿದೆ. ಕೂಡಿದವರ ಹೆಸರು ಓದಿದೆ, ಸಿಂಪಿಗ ನಾಗಾನ ಫಿರ್ಯಾದಿ ಓದಿದೆ. ಮೂವತ್ತೆರಡು ವರ್ಷ ಪಾಠ ಹೇಳಿದ ಗಂಟಲು. ಆದರೂ ಬೇಲಿ ಹಾಕಿದವನ ಹೆಸರು ಬಂದಾಗ ದನಿ ತಾನಾಗಿ ಇಳಿಯಿತು.

ಫೋನಿನೊಳಗಿನಿಂದ ಅಣ್ಣ ಮಾತಾಡಿದ. ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳಿಸಿತು.

"ಅಲ್ಲೇ ಯಾಕ ಸಣ್ಣ ದನಿ ಮಾಡ್ತಿ ಇಂದೂ? ಅದು ನಮ್ಮ ಹೆಸರು. ಜೋರಾಗಿ ಓದು."